ಕಿವಿಗೆ ಕೇಳಿಸುತ್ತದೆ, ಗದ್ದಲದಲ್ಲಿ ಮಾತು ಮಾತ್ರ ತಿಳಿಯುವುದಿಲ್ಲ: ಅಭ್ಯಾಸದಿಂದ ಇದು ಸರಿಹೋಗುತ್ತದೆಯೇ?

ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ ಈಗ 64 ವರ್ಷ. ಮನೆಯಲ್ಲಿ ಎದುರಿಗೆ ಕುಳಿತು ಒಬ್ಬರು ಮಾತನಾಡಿದರೆ ನನಗೆ ಯಾವ ತೊಂದರೆಯೂ ಇಲ್ಲ. ರಾತ್ರಿ ಹೊತ್ತು ದೂರದಲ್ಲಿ ಹೋಗುವ ರೈಲಿನ ಸದ್ದು ಕೂಡ ಕೇಳಿಸುತ್ತದೆ. ಆದರೆ ನಾಲ್ಕು ಜನ ಸೇರಿ ಮಾತನಾಡುವ ಕಡೆ ಹೋದರೆ ದನಿಗಳೆಲ್ಲ ಕಿವಿಗೆ ಬೀಳುತ್ತವೆ, ಯಾರು ಏನೆಂದರು ಎಂಬುದು ಮಾತ್ರ ತಿಳಿಯುವುದಿಲ್ಲ.

ಕಳೆದ ತಿಂಗಳು ನನ್ನ ತಂಗಿಯ ಮಗಳ ಮದುವೆಯಲ್ಲಿ ಊಟದ ಪಂಕ್ತಿಯನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯ ಕಾರಣದಿಂದ ತಮಗೆ ಹೋಳಿಗೆ "ಹಾಕಬೇಡಿ" ಎಂದರು. ನನಗೆ ಅದು "ಹಾಕಿಬಿಡಿ" ಎಂದು ಕೇಳಿಸಿತು. ಬಡಿಸುವ ಹುಡುಗನನ್ನು ಕರೆದು ಎರಡು ಹೋಳಿಗೆ, ಮೇಲೆ ತುಪ್ಪ ಹಾಕಿಸಿದೆ. ಅವರು ದೊಡ್ಡ ಮನಸ್ಸಿನಿಂದ ಸುಮ್ಮನಾದರು, ಆದರೆ ನನಗೆ ಆ ದಿನದಿಂದ ನೆಮ್ಮದಿಯಿಲ್ಲ. ಆಮೇಲೆ ಬಂದ ಎರಡು ಸಮಾರಂಭಗಳಿಗೆ ನಾನು ಹೋಗಲೇ ಇಲ್ಲ.

ಇಲ್ಲಿನ ಒಂದು ಕಡೆ ಕಿವಿ ಪರೀಕ್ಷೆ ಮಾಡಿಸಿದಾಗ ವಯಸ್ಸಿಗೆ ತಕ್ಕಂತೆ ಸರಿಯಾಗಿಯೇ ಇದೆ ಎಂದು ಹೇಳಿ ಕಳುಹಿಸಿದರು. ಇನ್ನೊಂದು ಕಡೆ, ಮೊಬೈಲಿನಲ್ಲಿ ದಿನವೂ ಅರ್ಧ ಗಂಟೆ ಒಂದು ತರಬೇತಿ ಮಾಡಿದರೆ ಮಿದುಳೇ ಬದಲಾಗುತ್ತದೆ, ಒಂದು ವರ್ಷದ ಶುಲ್ಕ ಕಟ್ಟಿ ಎಂದರು. ಹಣ ಕಟ್ಟುವ ಮೊದಲು ತಿಳಿದವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ. ಕಿವಿ ಸರಿಯಿದ್ದರೂ ಮಾತು ತಿಳಿಯದಿರಲು ಕಾರಣವೇನು? ಈ ವಯಸ್ಸಿನಲ್ಲಿ ಮಿದುಳಿಗೆ ಇದನ್ನು ಕಲಿಸಲು ಸಾಧ್ಯವೇ?

ಆಡಿಯಾಲಜಿಸ್ಟ್, ಮೈಸೂರು

ನಮಸ್ಕಾರ ಸರ್. "ಕೇಳಿಸುತ್ತದೆ, ಆದರೆ ಏನೆಂದರು ಎಂಬುದು ತಿಳಿಯುವುದಿಲ್ಲ" ಎಂಬುದು ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಬಹಳಷ್ಟು ಜನ ಆಡುವ ಮೊದಲ ಮಾತು. ಆದ್ದರಿಂದ ತಾವು ಒಬ್ಬರೇ ಎಂದುಕೊಳ್ಳಬೇಡಿ, ಸಮಾರಂಭಗಳನ್ನು ದಯವಿಟ್ಟು ಬಿಡಬೇಡಿ.

ತಮಗೆ ಮಾಡಿರುವುದು ಬಹುಶಃ ಆಡಿಯೋಗ್ರಾಮ್ ಮಾತ್ರ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗಿನ ಆವರ್ತನದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಹೆಚ್ಚಿದಷ್ಟೂ ಸದ್ದು ಕೀಚಲು) ಸಣ್ಣ "ಪೀಂ" ಸದ್ದುಗಳನ್ನು ಕೇಳಿಸಿ, ಪ್ರತಿಯೊಂದರಲ್ಲಿಯೂ ಎಷ್ಟು ಮೆಲ್ಲನೆಯದು ಕೇಳಿಸುತ್ತದೆ ಎಂದು ಗುರುತಿಸುವ ಪರೀಕ್ಷೆ ಅದು. ಬಹಳ ಉಪಯುಕ್ತವಾದ ಪರೀಕ್ಷೆಯೇ ಹೌದು, ಆದರೆ ಗದ್ದಲದ ನಡುವೆ ಮಾತನ್ನು ಬಿಡಿಸಿಕೊಳ್ಳುವ ಶಕ್ತಿಯನ್ನು ಅದು ಅಳೆಯುವುದಿಲ್ಲ. ಒಂದೇ ತರಹದ ಆಡಿಯೋಗ್ರಾಮ್ ಇರುವ ಇಬ್ಬರಲ್ಲಿ ಒಬ್ಬರು ಸಂತೆಯಲ್ಲಿ ನಿಂತು ವ್ಯಾಪಾರ ಮಾಡಬಲ್ಲರು, ಇನ್ನೊಬ್ಬರಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ ಊರಿನ ಹೆಸರು ಕೂಡ ತಿಳಿಯುವುದಿಲ್ಲ.

ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯ ಎಂಬ ಭಾಗದಲ್ಲಿ, ಕೂದಲಿನಂತಹ ಎಳೆಗಳಿಂದ ಕಂಪನವನ್ನು ಗ್ರಹಿಸುವ ಸುಮಾರು 3,500 ಒಳ ರೋಮಕೋಶಗಳೂ 12,000 ಹೊರ ರೋಮಕೋಶಗಳೂ ಇರುತ್ತವೆ. ಹೊರ ರೋಮಕೋಶಗಳು ಮೆಲ್ಲನೆಯ ಸದ್ದನ್ನು ಹಿಗ್ಗಿಸಿ ಕೊಡುತ್ತವೆ. ಒಳ ರೋಮಕೋಶಗಳು ಆ ಕಂಪನವನ್ನು ನರದ ಸಂಕೇತವಾಗಿಸಿ, ಸುಮಾರು 30,000 ನರತಂತುಗಳ ಮೂಲಕ ಮಿದುಳಿಗೆ ಕಳುಹಿಸುತ್ತವೆ. 2009ರಲ್ಲಿ ಶೇರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಎರಡು ಗಂಟೆ ಜೋರಾದ ಸದ್ದು ಕೇಳಿಸಿ ನೋಡಿದರು. ಕೆಲವು ದಿನಗಳಲ್ಲಿ ಅವುಗಳ ಶ್ರವಣ ಪರೀಕ್ಷೆಯ ಫಲಿತಾಂಶ ಮೊದಲಿನಂತೆಯೇ ಆಯಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಆ ಕೋಶಗಳನ್ನು ನರತಂತುಗಳಿಗೆ ಜೋಡಿಸುವ ನರಸಂಧಿಗಳಲ್ಲಿ, ಹೆಚ್ಚಿನ ಆವರ್ತನದ ಭಾಗದಲ್ಲಿ, ಸುಮಾರು ಅರ್ಧದಷ್ಟು ಶಾಶ್ವತವಾಗಿ ಕಳಚಿಹೋಗಿದ್ದವು. ತಂತುಗಳಲ್ಲಿ ಅರ್ಧ ಹೋದರೂ ಉಳಿದವು "ಪೀಂ" ಸದ್ದನ್ನು ಪತ್ತೆಹಚ್ಚಲು ಸಾಕು. ಗದ್ದಲದೊಳಗಿನ ಮಾತಿನ ಸೂಕ್ಷ್ಮ ಏರಿಳಿತವನ್ನು ಮಿದುಳಿಗೆ ಮುಟ್ಟಿಸಲು ಅವು ಸಾಲದೆ ಹೋಗಬಹುದು ಎಂಬುದು ಇದರಿಂದ ಹುಟ್ಟಿದ ವಿಚಾರ. ಬದುಕಿರುವ ಮನುಷ್ಯರ ಕಿವಿಯಲ್ಲಿ ಈ ಸಂಧಿಗಳನ್ನು ನೇರವಾಗಿ ಎಣಿಸುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇಲ್ಲ. ಆದ್ದರಿಂದ ತಮ್ಮ ತೊಂದರೆಗೆ ಇದೇ ಕಾರಣ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ತಾವು ಮೊದಲು ಮಾಡಿಸಬೇಕಾದದ್ದು ಗದ್ದಲದಲ್ಲಿ ಮಾತು ತಿಳಿಯುವ ಪರೀಕ್ಷೆ. ಹಿನ್ನೆಲೆಯಲ್ಲಿ ಹಲವರ ಮಾತಿನ ಗುಜುಗುಜು ಹಾಕಿ, ಅದರ ಮೇಲೆ ವಾಕ್ಯಗಳನ್ನು ಕೇಳಿಸಿ, ಗದ್ದಲಕ್ಕಿಂತ ಮಾತು ಎಷ್ಟು ಡೆಸಿಬೆಲ್ ಹೆಚ್ಚಿದ್ದರೆ ಅರ್ಧದಷ್ಟು ಪದಗಳು ತಿಳಿಯುತ್ತವೆ ಎಂದು ನೋಡುತ್ತಾರೆ. ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಇಂತಹ ಒಂದು ಪರೀಕ್ಷೆಯಲ್ಲಿ ಸಹಜ ಶ್ರವಣ ಇರುವವರಿಗೆ ಸುಮಾರು 2 ಡೆಸಿಬೆಲ್ ಹೆಚ್ಚಿದ್ದರೆ ಸಾಕಾಗುತ್ತದೆ. 8 ಅಥವಾ 10 ಬೇಕಾದವರಿಗೆ ಮದುವೆಯ ಛತ್ರ ನಿಜಕ್ಕೂ ಕಷ್ಟದ ಜಾಗ. ಕನ್ನಡದಲ್ಲಿಯೂ ಇದಕ್ಕೆಂದೇ ವಾಕ್ಯಪಟ್ಟಿಗಳನ್ನು ಸಿದ್ಧಪಡಿಸಲಾಗಿದೆ, ಆ ಕೆಲಸದ ದೊಡ್ಡ ಪಾಲು ನಡೆದದ್ದು ಮೈಸೂರಿನಲ್ಲಿಯೇ. ತಾವು ಇಂಗ್ಲಿಷ್ ಬಲ್ಲವರಾದರೂ ಕನ್ನಡದ ವಾಕ್ಯಗಳಲ್ಲಿಯೇ ಪರೀಕ್ಷೆ ಮಾಡಿರಿ ಎಂದು ಕೇಳಿಕೊಳ್ಳಿ.

ಒಂದು ಮಾತನ್ನು ಇಲ್ಲಿ ಓದುವ ಎಲ್ಲರಿಗೂ ಹೇಳಬೇಕು. ಒಂದೇ ಕಿವಿಯಲ್ಲಿ ತೊಂದರೆ ಇದ್ದರೆ, ಅಥವಾ ಒಂದೆರಡು ದಿನಗಳಲ್ಲಿ ಹಠಾತ್ತನೆ ಕೇಳಿಸುವುದು ಕಡಿಮೆಯಾದರೆ, ತರಬೇತಿಯ ಯೋಚನೆ ಬಿಟ್ಟು ತಡಮಾಡದೆ ಇಎನ್‌ಟಿ ವೈದ್ಯರ ಬಳಿಗೆ ಹೋಗಬೇಕು.

ಧ್ವನಿ ತಂತ್ರಜ್ಞಾನದ ಎಂಜಿನಿಯರ್, ಬೆಂಗಳೂರು

ಮೇಡಂ ಅವರು ಕಿವಿಯ ಭಾಗವನ್ನು ಚೆನ್ನಾಗಿ ವಿವರಿಸಿದ್ದಾರೆ. ಸದ್ದಿನ ಕಡೆಯಿಂದ ನನಗೆ ತಿಳಿದಿರುವ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಏಕೆಂದರೆ "ಹಾಕಬೇಡಿ" ಎಂಬುದು "ಹಾಕಿಬಿಡಿ" ಆದದ್ದರಲ್ಲಿ ಇಲ್ಲಿ ಪ್ರಶ್ನೆ ಕೇಳಿದ ಹಿರಿಯರ ತಪ್ಪು ಬಹಳ ಕಡಿಮೆ ಎಂದು ನನ್ನ ಅಭಿಪ್ರಾಯ.

1955ರಲ್ಲಿ ಜಾರ್ಜ್ ಮಿಲ್ಲರ್ ಮತ್ತು ಪೆಟ್ರಿಷಿಯಾ ನೈಸ್ಲಿ ಇಂಗ್ಲಿಷಿನ ವ್ಯಂಜನಗಳನ್ನು ಬೇರೆ ಬೇರೆ ಪ್ರಮಾಣದ ಗದ್ದಲದಲ್ಲಿ ಕೇಳಿಸಿ, ಯಾವುದು ಯಾವುದಾಗಿ ಕೇಳಿಸುತ್ತದೆ ಎಂದು ಎಣಿಸಿದರು. ಗದ್ದಲ ಹೆಚ್ಚಿದಂತೆ ಮೊದಲು ಕಳೆದುಹೋಗುವುದು ಉಚ್ಚಾರಣೆಯ ಸ್ಥಾನ, ಎಂದರೆ ತುಟಿಯೋ ಹಲ್ಲೋ ಗಂಟಲೋ ಎಂಬ ಭೇದ. ಘೋಷ (ಗಂಟಲಿನ ಕಂಪನ) ಮತ್ತು ಅನುನಾಸಿಕದ (ಮೂಗಿನಿಂದ ಬರುವ ಸದ್ದಿನ) ಗುಣ ಬಹಳ ಹೊತ್ತು ಉಳಿಯುತ್ತದೆ. ಈ ಫಲಿತಾಂಶವನ್ನು ನಮ್ಮ ವರ್ಣಮಾಲೆಯ ಮೇಲೆ ಇಟ್ಟು ನೋಡಿ. ಅದರಲ್ಲಿ ಸಾಲುಗಳಾಗಿ ಜೋಡಿಸಿರುವುದು ಸ್ಥಾನದ ಭೇದವನ್ನೇ. ಆದ್ದರಿಂದ ಗದ್ದಲದಲ್ಲಿ "ಮರ" ಎಂಬುದು "ನರ" ಆಗಬಹುದು, "ಕಾಲು" "ಪಾಲು" ಆಗಬಹುದು. "ಮರ" ಎಂಬುದು "ಪರ" ಆಗುವ ಸಂಭವ ಕಡಿಮೆ. ಸಕಾರದಂತಹ ಸದ್ದುಗಳ ಶಕ್ತಿ ಬಹುಪಾಲು 4000 ಹರ್ಟ್ಜ್‌ಗಿಂತ ಮೇಲಿರುತ್ತದೆ, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಭಾಗವನ್ನೇ. "ಕತೆ" ಮತ್ತು "ಕತ್ತೆ"ಯನ್ನು ಬೇರ್ಪಡಿಸುವುದು ನಡುವಿನ ಒಂದು ಕ್ಷಣದ ಮೌನದ ಉದ್ದ. ಛತ್ರದ ಗ್ರಾನೈಟ್ ನೆಲ, ಬೋಳು ಗೋಡೆ ಮತ್ತು ಎತ್ತರದ ಚಾವಣಿಯಿಂದ ಹಿಂದಿರುಗುವ ಪ್ರತಿಧ್ವನಿ ಆ ಮೌನವನ್ನು ತುಂಬಿಬಿಡುತ್ತದೆ.

ಕನ್ನಡದಲ್ಲಿ ಇನ್ನೂ ಒಂದು ಕಷ್ಟವಿದೆ ಎಂದು ನನಗೆ ಅನ್ನಿಸುತ್ತದೆ. ಹೌದೋ ಇಲ್ಲವೋ, ಬೇಕೋ ಬೇಡವೋ ಎಂಬುದನ್ನು ನಾವು ವಾಕ್ಯದ ಕೊನೆಯಲ್ಲಿ ಹೇಳುತ್ತೇವೆ. ಮಾತನಾಡುವವರ ಉಸಿರೂ ದನಿಯೂ ಇಳಿಯುವುದು ಅಲ್ಲಿಯೇ. "ನಾಳೆ ಬೆಳಗ್ಗೆ ಊರಿಗೆ ಬರುತ್ತೇನೆ" ಮತ್ತು "ನಾಳೆ ಬೆಳಗ್ಗೆ ಊರಿಗೆ ಬರುವುದಿಲ್ಲ" ಎಂಬ ವಾಕ್ಯಗಳಲ್ಲಿ ಜೋರಾಗಿ ಬರುವ ಭಾಗ ಎರಡರಲ್ಲೂ ಒಂದೇ.

ಇನ್ನು ಎರಡು ಕಿವಿಗಳ ವಿಷಯ. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ತಲುಪಲು ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗದಷ್ಟು ತಡವಾಗುತ್ತದೆ. ಮಿದುಳಿನ ಕಾಂಡದಲ್ಲಿರುವ ನರಕೋಶಗಳು ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆದು ಯಾವ ದನಿ ಯಾವ ದಿಕ್ಕಿನದು ಎಂದು ಬೇರ್ಪಡಿಸುತ್ತವೆ. ಲಂಡನ್ನಿನ ಕಾಲಿನ್ ಚೆರ್ರಿ 1953ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ದನಿಯ ಎರಡು ಸಂದೇಶಗಳನ್ನು ಬೆರೆಸಿ ಒಟ್ಟಿಗೆ ಕೇಳಿಸಿದಾಗ ಜನ ಬಹಳ ಕಷ್ಟಪಟ್ಟರು. ಒಂದೊಂದು ಕಿವಿಗೆ ಒಂದೊಂದು ಸಂದೇಶ ಕೊಟ್ಟು ಒಂದನ್ನು ಮಾತ್ರ ಹಿಂಬಾಲಿಸಿ ಹೇಳಿ ಎಂದಾಗ ಸುಲಭವಾಗಿ ಹೇಳಿದರು. ಆಗ ಇನ್ನೊಂದು ಕಿವಿಯಲ್ಲಿ ಗಂಡಸಿನ ದನಿ ಹೆಂಗಸಿನದಾಗಿ ಬದಲಾದದ್ದನ್ನು ಗಮನಿಸಿದರೇ ಹೊರತು, ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದನ್ನು ಗಮನಿಸಲಿಲ್ಲ.

ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಇಬ್ಬರಿಗೂ ಕೃತಜ್ಞತೆಗಳು. ವಾಕ್ಯದ ಕೊನೆಯ ವಿಷಯ ಓದಿದಾಗ ನನಗೆ ಆಶ್ಚರ್ಯವಾಯಿತು, ನಾನು ಎಡವುವುದು ಬಹುಮಟ್ಟಿಗೆ ಅಲ್ಲಿಯೇ. ಒಂದು ಅನುಮಾನ ಉಳಿದಿದೆ. ವಾಲಗ ಜೋರಾಗಿ ನಡೆಯುತ್ತಿರುವಾಗ ತಿಳಿಯದಿದ್ದರೆ ಅದು ಸಹಜ. ಆದರೆ ವಾಲಗ ನಿಂತ ಮೇಲೆ, ಅಷ್ಟೇನೂ ಸದ್ದಿಲ್ಲದ ಊಟದ ಮನೆಯಲ್ಲಿ ಸುತ್ತಲಿನವರು ಮಾತನಾಡುತ್ತಿರುವಾಗ ನನಗೆ ಇನ್ನೂ ಹೆಚ್ಚು ಕಷ್ಟವಾಗುತ್ತದೆ, ಮನೆಗೆ ಬರುವ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಇದು ಏಕೆ?

ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಅಮೆರಿಕ (ಊರು ಹಾಸನ)

ತಾವು ಗಮನಿಸಿರುವುದು ಬಹಳ ಸೂಕ್ಷ್ಮವಾದ ವಿಷಯ. ವಾಲಗದ ಸದ್ದು ಮಾತನ್ನು ಕಿವಿಯಲ್ಲಿಯೇ ಮುಚ್ಚುತ್ತದೆ. ಮುಚ್ಚಿದ್ದನ್ನು ಮಿದುಳು ತೆರೆಯಲಾರದು. ಪಕ್ಕದ ಪಂಕ್ತಿಯ ಮಾತು ಹಾಗಲ್ಲ. ಅದು ಕಿವಿಯನ್ನು ದಾಟಿ ಒಳಗೆ ಬರುತ್ತದೆ, ಕನ್ನಡದಲ್ಲಿರುವುದರಿಂದ ಅರ್ಥವನ್ನೂ ಹೊತ್ತು ಬರುತ್ತದೆ, ತಮಗೆ ಬೇಕಾದ ಮಾತಿನೊಂದಿಗೆ ಅದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತದೆ. ತಿಳಿಯದ ಭಾಷೆಯ ಗುಜುಗುಜುವಿಗಿಂತ ತಿಳಿದ ಭಾಷೆಯ ಗುಜುಗುಜು ಹೆಚ್ಚು ಅಡ್ಡಿ ಮಾಡುತ್ತದೆ ಎಂಬುದನ್ನು ಪ್ರಯೋಗಗಳಲ್ಲಿಯೂ ಕಂಡಿದ್ದಾರೆ.

ಮಿದುಳು ಒಂದು ದನಿಯನ್ನು ಆರಿಸಿಕೊಳ್ಳುವುದನ್ನು ಬಹುತೇಕ ಕಣ್ಣಾರೆ ತೋರಿಸಿದ ಅಧ್ಯಯನ 2012ರಲ್ಲಿ ಬಂತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಿಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್ ಅವರು ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಮೇಲ್ಮೈಯಲ್ಲಿ ವಿದ್ಯುದ್ವಾರಗಳನ್ನು ಇಟ್ಟಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಬೆರೆಸಿ ಕೇಳಿಸಿದರು. ಶ್ರವಣ ಭಾಗದಿಂದ ಬಂದ ಸಂಕೇತಗಳಿಂದ ಮಾತಿನ ಚಿತ್ರವನ್ನು ಮರುರಚಿಸಿದಾಗ, ಅದು ಬೆರೆತ ಸದ್ದನ್ನು ಹೋಲದೆ, ರೋಗಿ ಗಮನ ಕೊಟ್ಟಿದ್ದ ಒಬ್ಬರ ಮಾತನ್ನೇ ಬಹುಪಾಲು ಹೋಲುತ್ತಿತ್ತು. ರೋಗಿ ತಪ್ಪಾಗಿ ಇನ್ನೊಬ್ಬರ ಕಡೆಗೆ ಗಮನ ಕೊಟ್ಟ ಸಂದರ್ಭಗಳಲ್ಲಿ ಆ ತಪ್ಪೂ ಸಂಕೇತದಲ್ಲಿ ಕಂಡಿತು.

ಆಯ್ದುಕೊಂಡ ಮೇಲೂ ಮಾತಿನಲ್ಲಿ ತೂತುಗಳಿರುತ್ತವೆ. ಗದ್ದಲ ಒಂದೇ ಸಮನೆ ಇರುವುದಿಲ್ಲ, ನಡುನಡುವೆ ತಗ್ಗುತ್ತದೆ. ಆ ಬಿಡುವಿನಲ್ಲಿ ಇಣುಕಿದ ಚೂರುಗಳನ್ನು ಹೆಕ್ಕಿ ಮಿದುಳು ಉಳಿದದ್ದನ್ನು ಊಹಿಸುತ್ತದೆ. 1970ರಲ್ಲಿ ರಿಚರ್ಡ್ ವಾರೆನ್ ಒಂದು ವಾಕ್ಯದ ಧ್ವನಿಮುದ್ರಣದಲ್ಲಿ ಒಂದು ಅಕ್ಷರದ ಸದ್ದನ್ನು ತೆಗೆದು ಅಲ್ಲಿ ಕೆಮ್ಮನ್ನು ಸೇರಿಸಿದರು. ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು, ಕೆಮ್ಮು ಬಂದದ್ದು ಎಲ್ಲಿ ಎಂಬುದನ್ನು ಸರಿಯಾಗಿ ಗುರುತಿಸಲೂ ಆಗಲಿಲ್ಲ. ತಮಗೂ "ಹಾಕಿಬಿಡಿ" ಎಂಬುದು ಅಸ್ಪಷ್ಟವಾಗಿ ಕೇಳಿಸಿರಲಾರದು, ಸ್ಪಷ್ಟವಾಗಿಯೇ ಕೇಳಿಸಿರಬೇಕು. ಪಂಕ್ತಿಯಲ್ಲಿ ಬಡಿಸುವ ಹೊತ್ತಿನಲ್ಲಿ ಮಿದುಳು ನಿರೀಕ್ಷಿಸುವ ಮಾತು "ಹಾಕಿ" ಎಂಬುದೇ ಅಲ್ಲವೇ? ಊಹೆಯಿಂದ ತುಂಬಿದ ಭಾಗವನ್ನು ಮಿದುಳು ನಮಗೆ ಊಹೆಯೆಂದು ತಿಳಿಸುವುದಿಲ್ಲ.

ಈ ಹೆಕ್ಕುವಿಕೆ ಮತ್ತು ಊಹೆಗೆ ಗಮನವೂ ನೆನಪೂ ಖರ್ಚಾಗುತ್ತವೆ. ಗದ್ದಲದಲ್ಲಿ ಕಷ್ಟಪಟ್ಟು ಕೇಳುವವರ ಕಣ್ಣಿನ ಪಾಪೆ ಹಿಗ್ಗುವುದನ್ನು ಅಳೆದು ಆ ಶ್ರಮವನ್ನು ಗುರುತಿಸುವ ಕ್ರಮವೇ ಇದೆ. ತಮ್ಮ ತಲೆ ಭಾರ ನಿಜವಾದ ದಣಿವು.

ಪಿಟೀಲು ಶಿಕ್ಷಕಿ, ಧಾರವಾಡ

ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ. ಹತ್ತು ಮಕ್ಕಳು ಒಟ್ಟಿಗೆ ನುಡಿಸುತ್ತಿರುವಾಗ ಯಾರ ತಂತಿಯ ಶ್ರುತಿ ಇಳಿದಿದೆ ಎಂಬುದು ನನಗೆ ತಿಳಿಯುತ್ತದೆ, ನನ್ನ ಹಿರಿಯ ವಿದ್ಯಾರ್ಥಿಗಳಿಗೂ ತಿಳಿಯುತ್ತದೆ, ಹೊಸಬರಿಗೆ ತಿಳಿಯುವುದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಸಾಧನೆಯಿಂದ ಬಂದದ್ದು. ಸಂಗೀತ ಕಲಿತವರಿಗೆ ಗದ್ದಲದಲ್ಲಿ ಮಾತೂ ಚೆನ್ನಾಗಿ ತಿಳಿಯುತ್ತದೆ ಎಂದು ಓದಿದ್ದೇನೆ. ಹಿರಿಯರು ಹಣ ಕೊಟ್ಟು ಮೊಬೈಲ್ ಆಟ ಆಡುವುದಕ್ಕಿಂತ ಸಂಗೀತ ಕಲಿಯುವುದು ಉತ್ತಮ ಎಂದು ನನ್ನ ನಂಬಿಕೆ.

ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಅಮೆರಿಕ (ಊರು ಹಾಸನ)

ಮೇಡಂ, ಶ್ರುತಿಯ ವಿಷಯದಲ್ಲಿ ತಮ್ಮ ಮಾತು ಅಕ್ಷರಶಃ ಸರಿ. ಮಾತಿನ ವಿಷಯದಲ್ಲಿ ಮಾತ್ರ ನಾನು ಅಷ್ಟು ದೂರ ಬರಲಾರೆ. ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಅವರ ಪ್ರಯೋಗಾಲಯ 2009ರಲ್ಲಿ ಸಂಗೀತಗಾರರಿಗೆ ಗದ್ದಲದಲ್ಲಿ ಮಾತು ಹೆಚ್ಚು ತಿಳಿಯುತ್ತದೆ ಎಂದು ವರದಿ ಮಾಡಿತು. ಆಮೇಲೆ ಬೇರೆಯವರು ಮಾಡಿದ ಹಲವು ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. ಕಂಡಾಗಲೂ, ಸಂಗೀತದಿಂದ ಆ ಶಕ್ತಿ ಬಂತೋ ಅಥವಾ ಅಂತಹ ಕಿವಿ ಇದ್ದವರೇ ಸಂಗೀತದಲ್ಲಿ ಉಳಿದರೋ ಎಂದು ಬಿಡಿಸಿ ಹೇಳುವುದು ಕಷ್ಟ. ಸಂಗೀತವನ್ನು ಸಂಗೀತಕ್ಕಾಗಿ ಕಲಿಯಬೇಕು. ಕಿವಿಗೆ ಔಷಧಿಯೆಂದು ಭರವಸೆ ಕೊಡಲು ಸದ್ಯಕ್ಕೆ ಆಧಾರ ಸಾಲದು.

ತರಬೇತಿಯ ಬಗ್ಗೆ ಹಿರಿಯರು ಕೇಳಿದ ಮೂಲ ಪ್ರಶ್ನೆಗೆ ಈಗ ಬರುತ್ತೇನೆ. ವಯಸ್ಸಾದ ಮಿದುಳೂ ಬದಲಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಪ್ರಶ್ನೆ ಇರುವುದು ಏನು ಬದಲಾಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದರಲ್ಲಿ.

2006ರಲ್ಲಿ ಡೇನಿಯಲ್ ಪಾಲಿ ಮತ್ತು ಸಂಗಡಿಗರು ಇಲಿಗಳ ಎರಡು ಗುಂಪುಗಳಿಗೆ ಒಂದೇ ಸದ್ದುಗಳನ್ನು ಕೇಳಿಸಿದರು. ಒಂದು ಗುಂಪು ಸದ್ದಿನ ಆವರ್ತನಕ್ಕೆ ಗಮನ ಕೊಟ್ಟರೆ ಆಹಾರ ಸಿಗುತ್ತಿತ್ತು, ಇನ್ನೊಂದು ಗುಂಪು ಸದ್ದಿನ ಜೋರಿಗೆ ಗಮನ ಕೊಡಬೇಕಿತ್ತು. ಕಿವಿಗೆ ಬಿದ್ದದ್ದು ಒಂದೇ ಆದರೂ ಮಿದುಳಿನ ಶ್ರವಣ ಭಾಗದಲ್ಲಿ ಆದ ಬದಲಾವಣೆ ಬೇರೆ ಬೇರೆ: ಗಮನ ಕೊಟ್ಟ ಗುಣಕ್ಕೆ ಸಂಬಂಧಿಸಿದ್ದು ಮಾತ್ರ ಬದಲಾಯಿತು. ರೇಡಿಯೋ ಹಾಕಿಕೊಂಡು ಅಡುಗೆ ಮಾಡಿದರೆ ತರಬೇತಿಯಾಗುವುದಿಲ್ಲ ಎಂದು ನಾನು ನಮ್ಮ ತಾಯಿಯವರಿಗೆ ಹೇಳುವುದು ಇದೇ ಕಾರಣಕ್ಕೆ.

ಮನುಷ್ಯರಲ್ಲಿ ಆದ ಮೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2013ರಲ್ಲಿ ಸಮೀರಾ ಆಂಡರ್ಸನ್ ಮತ್ತು ನೀನಾ ಕ್ರಾಸ್ ಅವರ ತಂಡ 55ರಿಂದ 70 ವರ್ಷದವರಿಗೆ 8 ವಾರಗಳಲ್ಲಿ 40 ಗಂಟೆಗಳ ಕಂಪ್ಯೂಟರ್ ತರಬೇತಿ ಕೊಟ್ಟಿತು. ವಯಸ್ಸಿನಿಂದ ತಡವಾಗುತ್ತಿದ್ದ ಮಿದುಳಿನ ಪ್ರತಿಕ್ರಿಯೆಯ ಸಮಯ ಸುಧಾರಿಸಿತು, ಗದ್ದಲದಲ್ಲಿ ಮಾತು ತಿಳಿಯುವುದೂ ಸ್ವಲ್ಪ ಹೆಚ್ಚಿತು. ಆರು ತಿಂಗಳ ನಂತರ ನೋಡಿದಾಗ ಲಾಭ ಭಾಗಶಃ ಮಾತ್ರ ಉಳಿದಿತ್ತು. 2016ರಲ್ಲಿ ಗೇಬ್ರಿಯೆಲ್ ಸಾಂಡರ್ಸ್ ಮತ್ತು ಸಂಗಡಿಗರು ಅಮೆರಿಕದ 279 ಮಾಜಿ ಸೈನಿಕರಲ್ಲಿ, ಶ್ರವಣ ಸಾಧನದ ಜೊತೆಗೆ ಮನೆಯಲ್ಲಿ ಮಾಡುವ ಒಂದು ಪ್ರಸಿದ್ಧ ತರಬೇತಿಯನ್ನು ಪರೀಕ್ಷಿಸಿದರು. ತರಬೇತಿ ಪಡೆದವರಿಗೂ ಹೋಲಿಕೆಯ ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಬಾಸ್ಟನ್ನಿನಲ್ಲಿ ಶ್ರವಣ ಸಾಧನ ಬಳಸುವ 24 ಹಿರಿಯರಿಗೆ ಎಂಟು ವಾರ ಆಟದ ರೂಪದ ತರಬೇತಿ ಕೊಟ್ಟರು. ಅದರಲ್ಲಿ ಮಾತೇ ಇರಲಿಲ್ಲ; ಗದ್ದಲದ ನಡುವೆ ಸದ್ದಿನ ಸಣ್ಣ ಬದಲಾವಣೆಗಳನ್ನು ಗಮನಿಸುತ್ತ ಪರದೆಯ ಮೇಲೆ ಬೆರಳಾಡಿಸುವ ಆಟ ಅದು. ಹಾಗೆ ಆಡಿದವರು ಗದ್ದಲದಲ್ಲಿ ಸುಮಾರು ಶೇ 25ರಷ್ಟು ಹೆಚ್ಚು ಪದಗಳನ್ನು ಗುರುತಿಸಿದರು, ಪದಗಳನ್ನು ನೆನಪಿಡುವ ತರಬೇತಿ ಪಡೆದ ಇನ್ನೊಂದು ಗುಂಪಿನಲ್ಲಿ ಸುಧಾರಣೆ ಇರಲಿಲ್ಲ. ಆಟ ನಿಲ್ಲಿಸಿದ ಮೇಲೆ ಆ ಲಾಭವೂ ಉಳಿಯಲಿಲ್ಲ.

ಆದ್ದರಿಂದ "ಮಿದುಳೇ ಬದಲಾಗುತ್ತದೆ" ಎಂದು ತಮಗೆ ಹೇಳಿದವರ ಮಾತಿನಲ್ಲಿ ಒಂದು ಚೂರು ನಿಜವಿದೆ, ಆದರೆ ಒಂದು ವರ್ಷದ ಶುಲ್ಕ ಕಟ್ಟುವಷ್ಟು ನಿಜ ನನಗೆ ಕಾಣುವುದಿಲ್ಲ. ಆ ತರಬೇತಿ ಕನ್ನಡದಲ್ಲಿದೆಯೇ, ಪರಿಣಾಮವನ್ನು ಅದರದೇ ಅಂಕಗಳಿಂದ ಅಳೆಯದೆ ಬೇರೆ ಪರೀಕ್ಷೆಯಿಂದ ಅಳೆಯುತ್ತಾರೆಯೇ ಎಂದು ಕೇಳಿ ನೋಡಿ. ಆಟದಲ್ಲಿ ಅಂಕ ಏರುವುದಕ್ಕೂ ಛತ್ರದಲ್ಲಿ ಮಾತು ತಿಳಿಯುವುದಕ್ಕೂ ನಡುವೆ ಬಹಳ ದೂರವಿದೆ.

ಪ್ರೌಢಶಾಲಾ ಶಿಕ್ಷಕಿ, ತುಮಕೂರು

ಈ ಚರ್ಚೆ ಹಿರಿಯರ ಕುರಿತು ನಡೆದಿದ್ದರೂ ಮಕ್ಕಳ ವಿಷಯವನ್ನು ಹೇಳದೆ ಇರಲಾಗಲಿಲ್ಲ. ನಮ್ಮ ತರಗತಿ ರಸ್ತೆಯ ಪಕ್ಕದಲ್ಲಿದೆ; ಕಿಟಕಿ ತೆರೆದರೆ ಲಾರಿಗಳ ಸದ್ದು, ಮುಚ್ಚಿದರೆ ಫ್ಯಾನಿನ ಸದ್ದು. ಖಾಲಿ ತರಗತಿಯ ಸದ್ದು 35 ಡೆಸಿಬೆಲ್ ಮೀರಬಾರದು, ಶಿಕ್ಷಕರ ದನಿ ಗದ್ದಲಕ್ಕಿಂತ 15 ಡೆಸಿಬೆಲ್ ಹೆಚ್ಚಿರಬೇಕು ಎಂಬ ಮಾನದಂಡಗಳನ್ನು ಓದಿದಾಗ ನಮ್ಮ ಕೊಠಡಿ ನೆನಪಾಗಿ ಬೇಸರವಾಯಿತು. ಗದ್ದಲದಿಂದ ಮಾತನ್ನು ಬಿಡಿಸುವ ಶಕ್ತಿ ಮಕ್ಕಳಲ್ಲಿ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಅದರ ಮೇಲೆ, ಮನೆಯಲ್ಲಿ ಕನ್ನಡವಾಡುವ ಮಗು ಇಂಗ್ಲಿಷ್ ಮಾಧ್ಯಮದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆ ಹೊರೆ ಇಮ್ಮಡಿಯಾಗುತ್ತದೆ. ಎರಡನೆಯ ಭಾಷೆಯನ್ನು ಮೌನದಲ್ಲಿ ಚೆನ್ನಾಗಿ ಅರಿಯುವವರೂ ಗದ್ದಲದಲ್ಲಿ ಮಾತೃಭಾಷಿಕರಿಗಿಂತ ಬೇಗ ಸೋಲುತ್ತಾರೆ, ಏಕೆಂದರೆ ತೂತು ತುಂಬಲು ಬೇಕಾದ ಊಹೆಯ ದಾಸ್ತಾನು ಆ ಭಾಷೆಯಲ್ಲಿ ಅವರ ಬಳಿ ಕಡಿಮೆ. "ಗಮನ ಕೊಡುವುದಿಲ್ಲ" ಎಂದು ನಾನು ಹಿಂದೆ ಗದರಿದ ಒಂದಿಬ್ಬರು ಮಕ್ಕಳ ಮುಖ ಈಗ ಕಣ್ಣ ಮುಂದೆ ಬರುತ್ತದೆ. ಅವರನ್ನು ಮುಂದಿನ ಸಾಲಿಗೆ ಕರೆದು ಕೂರಿಸಿಕೊಂಡಿದ್ದೇನೆ.

ಗೃಹಿಣಿ, ಉಡುಪಿ

ನಮ್ಮ ಅತ್ತೆಯವರು ಎಂಟು ವರ್ಷಗಳಿಂದ ಹಿಯರಿಂಗ್ ಏಡ್ ಹಾಕಿಕೊಳ್ಳುತ್ತಾರೆ. ನಾವು ಮನೆಯವರು ಕಲಿತದ್ದು ಇಷ್ಟು: ಇನ್ನೊಂದು ಕೋಣೆಯಿಂದ ಕೂಗಿ ಮಾತನಾಡಬಾರದು, ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಮೊದಲು "ಅತ್ತೆ" ಎಂದು ಕರೆದು, ಅವರು ನೋಡಿದ ಮೇಲೆ ವಿಷಯ ಹೇಳಬೇಕು. ಕಿರುಚಿದರೆ ಅಕ್ಷರಗಳು ಇನ್ನೂ ಕೆಡುತ್ತವೆ, ನಿಧಾನವಾಗಿ ಹೇಳಿದರೆ ತಿಳಿಯುತ್ತದೆ. ತಿಳಿಯದಿದ್ದಾಗ ಅದೇ ಪದವನ್ನು ನಾಲ್ಕು ಸಲ ಹೇಳುವುದಕ್ಕಿಂತ ಬೇರೆ ಪದದಲ್ಲಿ ಹೇಳುವುದು ಒಳ್ಳೆಯದು. ಎಂಜಿನಿಯರ್ ಸರ್ ಹೇಳಿದ ವಾಕ್ಯದ ಕೊನೆಯನ್ನು ಓದಿದ ಮೇಲೆ ನಾನು "ಬೇಡ", "ಇಲ್ಲ" ಎನ್ನುವಾಗ ಕೈಯನ್ನೂ ಆಡಿಸತೊಡಗಿದ್ದೇನೆ.

ಆಡಿಯಾಲಜಿಸ್ಟ್, ಮೈಸೂರು

ಉಡುಪಿಯ ಮೇಡಂ ಹೇಳಿದ್ದಕ್ಕೆ 1954ರಷ್ಟು ಹಿಂದೆಯೇ ಆಧಾರ ಸಿಕ್ಕಿದೆ. ಸಂಬಿ ಮತ್ತು ಪೊಲಾಕ್ ಎಂಬುವರು ಆಗಲೇ, ಗದ್ದಲ ಹೆಚ್ಚಾದಷ್ಟೂ ಮಾತನಾಡುವವರ ಮುಖ ಕಾಣುವುದರಿಂದ ಆಗುವ ಸಹಾಯವೂ ಹೆಚ್ಚುತ್ತದೆ ಎಂದು ತೋರಿಸಿದ್ದರು. ಗದ್ದಲದಲ್ಲಿ ಮೊದಲು ಕಳೆದುಹೋಗುವುದು ಉಚ್ಚಾರಣೆಯ ಸ್ಥಾನ ಎಂದರಲ್ಲವೇ, ತುಟಿಯನ್ನು ನೋಡಿದರೆ ಸಿಗುವುದೂ ಅದೇ. "ಮರ" ಎನ್ನುವಾಗ ತುಟಿ ಮುಚ್ಚುತ್ತದೆ, "ನರ" ಎನ್ನುವಾಗ ಮುಚ್ಚುವುದಿಲ್ಲ.

ದೂರವನ್ನು ಅರ್ಧ ಮಾಡಿದರೆ, ತೆರೆದ ಜಾಗದಲ್ಲಿ, ಮಾತು ಸುಮಾರು 6 ಡೆಸಿಬೆಲ್ ಜೋರಾಗುತ್ತದೆ. ಯಾವ ತರಬೇತಿಯೂ ಇಷ್ಟು ಲಾಭವನ್ನು ಒಂದು ಹೆಜ್ಜೆಯಲ್ಲಿ ಕೊಡುವುದಿಲ್ಲ. ಶ್ರವಣ ಸಾಧನ ಇದ್ದವರಿಗೆ ಮಾತನಾಡುವವರ ಕೊರಳಿಗೆ ಹಾಕುವ ಸಣ್ಣ ಮೈಕ್ ಸಿಗುತ್ತದೆ. ಮಾತನ್ನು ಬಾಯಿಯ ಹತ್ತಿರವೇ ಹಿಡಿದು ನೇರವಾಗಿ ಕಿವಿಗೆ ತಲುಪಿಸುವುದರಿಂದ ಗದ್ದಲದಲ್ಲಿ ಅದರ ಉಪಯೋಗ ಬಹಳ ದೊಡ್ಡದು.

ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಮೈಸೂರಿಗೆ ಹೋಗಿ ಕನ್ನಡದ ವಾಕ್ಯಗಳಲ್ಲಿ ಪರೀಕ್ಷೆ ಮಾಡಿಸಿದೆ. ಮೆಲ್ಲನೆಯ ಸದ್ದುಗಳಲ್ಲಿ ಹೆಚ್ಚಿನ ಆವರ್ತನದ ಭಾಗ ಎರಡೂ ಕಿವಿಗಳಲ್ಲಿ ಸ್ವಲ್ಪ ಇಳಿದಿದೆ, ಗದ್ದಲದ ಪರೀಕ್ಷೆಯಲ್ಲಿ ನನ್ನ ವಯಸ್ಸಿನವರಿಗಿಂತ ಹೆಚ್ಚು ಡೆಸಿಬೆಲ್ ಬೇಕಾಯಿತು ಎಂದು ತಿಳಿಸಿದರು. ನನ್ನ ದೂರಿಗೆ ಒಂದು ಅಂಕಿ ಸಿಕ್ಕಿದ್ದೇ ಅರ್ಧ ಸಮಾಧಾನ ಕೊಟ್ಟಿತು. ಎರಡೂ ಕಿವಿಗೆ ಸಣ್ಣ ಸಾಧನಗಳನ್ನು ಹಾಕಿಸಿಕೊಂಡಿದ್ದೇನೆ. ಮೊಬೈಲ್ ತರಬೇತಿಗೆ ಹಣ ಕಟ್ಟಲಿಲ್ಲ.

ಅಲ್ಲಿನವರು ಹೇಳಿಕೊಟ್ಟಂತೆ ಮನೆಯಲ್ಲಿಯೇ ಅಭ್ಯಾಸ ಮಾಡುತ್ತಿದ್ದೇನೆ. ಮೊಮ್ಮಗಳು ದಿನಪತ್ರಿಕೆಯ ಒಂದು ಸುದ್ದಿಯನ್ನು ಓದುತ್ತಾಳೆ, ಹಿನ್ನೆಲೆಯಲ್ಲಿ ಟಿವಿಯ ಚರ್ಚಾ ಕಾರ್ಯಕ್ರಮ ನಡೆಯುತ್ತಿರುತ್ತದೆ. ಅವಳು ಓದಿದ ವಾಕ್ಯವನ್ನು ನಾನು ತಿರುಗಿ ಹೇಳಬೇಕು. ತಪ್ಪಿದರೆ ಅವಳು ಪತ್ರಿಕೆ ತೋರಿಸುತ್ತಾಳೆ, ನಾನು ಅಕ್ಷರವನ್ನು ನೋಡುತ್ತ ಅದೇ ವಾಕ್ಯವನ್ನು ಮತ್ತೆ ಕೇಳುತ್ತೇನೆ. ನೋಡುತ್ತ ಕೇಳಿದಾಗ ಅದೇ ಗದ್ದಲದಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸುವುದು ನನಗೆ ಈಗಲೂ ವಿಸ್ಮಯ. ಆರು ವಾರಗಳಲ್ಲಿ ಟಿವಿಯ ಸದ್ದನ್ನು ನಾಲ್ಕು ಮೆಟ್ಟಿಲು ಏರಿಸಿದ್ದೆವು. ಆಮೇಲೆ ಅವಳ ಪರೀಕ್ಷೆಗಳೆಂದು ಮೂರು ವಾರ ನಿಲ್ಲಿಸಿದೆವು. ಮತ್ತೆ ಕುಳಿತಾಗ ಎರಡು ಮೆಟ್ಟಿಲು ಕೆಳಗಿನಿಂದ ಆರಂಭಿಸಬೇಕಾಯಿತು. ಇದು ನಿರೀಕ್ಷಿತವೇ? ಮೊಮ್ಮಗಳ ದನಿ ಈಗ ಚೆನ್ನಾಗಿ ತಿಳಿಯುತ್ತದೆ, ಹೊಸಬರ ದನಿ ಇನ್ನೂ ಅಷ್ಟು ತಿಳಿಯುವುದಿಲ್ಲ.

ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಅಮೆರಿಕ (ಊರು ಹಾಸನ)

ಅಕ್ಷರ ನೋಡಿ ಕೇಳುವ ಕ್ರಮಕ್ಕೆ ಒಳ್ಳೆಯ ಆಧಾರವಿದೆ. 2005ರಲ್ಲಿ ಕೇಂಬ್ರಿಜ್‌ನ ಮ್ಯಾಥ್ಯೂ ಡೇವಿಸ್ ಮತ್ತು ಸಂಗಡಿಗರು, ಮಾತಿನ ಸೂಕ್ಷ್ಮಗಳನ್ನೆಲ್ಲ ಅಳಿಸಿ ಕರ್ಕಶ ಪಿಸುಮಾತಿನಂತೆ ಮಾಡಿದ ವಾಕ್ಯಗಳನ್ನು ಜನರಿಗೆ ಕೇಳಿಸಿದರು. ಮೊದಲು ಬಹುತೇಕ ಏನೂ ತಿಳಿಯದಿದ್ದವರು 30 ವಾಕ್ಯಗಳಷ್ಟರಲ್ಲಿ ಬಹುಪಾಲು ಪದಗಳನ್ನು ಗುರುತಿಸತೊಡಗಿದರು. ವಾಕ್ಯದಲ್ಲಿ ಏನಿದೆ ಎಂದು ತಿಳಿದುಕೊಂಡ ಮೇಲೆ ಕೆಟ್ಟ ಸದ್ದನ್ನು ಮತ್ತೆ ಕೇಳಿದವರು ಹೆಚ್ಚು ಬೇಗ ಕಲಿತರು. ಅರ್ಥ ಮೊದಲು ಸಿಕ್ಕರೆ, ಸದ್ದಿನ ಯಾವ ಭಾಗವನ್ನು ಹಿಡಿಯಬೇಕು ಎಂದು ಮಿದುಳು ಅದರಿಂದ ಕಲಿಯುತ್ತದೆ.

ಆಡಿಯಾಲಜಿಸ್ಟ್, ಮೈಸೂರು

ಸರ್, ಎರಡೂ ನಿರೀಕ್ಷಿತವೇ. ಬಿಟ್ಟರೆ ಇಳಿಯುತ್ತದೆ, ಪರಿಚಯದ ದನಿ ಮೊದಲು ತಿಳಿಯುತ್ತದೆ. ಇನ್ನು ಮುಂದೆ ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ ಸಾಕು, ಆದರೆ ಓದುವವರನ್ನು ಬದಲಾಯಿಸಿ. ಒಂದು ದಿನ ಮೊಮ್ಮಗಳು, ಒಂದು ದಿನ ಮಗ, ಒಂದು ದಿನ ಪಕ್ಕದ ಮನೆಯವರು. ಸಾಧ್ಯವಾದರೆ ಉತ್ತರ ಕರ್ನಾಟಕದ ಅಥವಾ ಕರಾವಳಿಯ ಕನ್ನಡ ಆಡುವವರೊಬ್ಬರು. ಹತ್ತು ವಾಕ್ಯಗಳಲ್ಲಿ ಏಳೆಂಟು ಸರಿಯಾಗುವಷ್ಟು ಮಾತ್ರ ಗದ್ದಲವಿರಲಿ. ಎಲ್ಲವೂ ಸರಿಯಾದರೆ ಕಲಿಯಲು ಏನೂ ಉಳಿಯುವುದಿಲ್ಲ, ಎಲ್ಲವೂ ತಪ್ಪಿದರೆ ಮನಸ್ಸು ಕುಗ್ಗುತ್ತದೆ. ವಾಕ್ಯಗಳಲ್ಲಿ "ಬೇಕು–ಬೇಡ", "ಇದೆ–ಇಲ್ಲ", "ಹಾಕಿ–ಹಾಕಬೇಡಿ" ಎಂಬ ಜೋಡಿಗಳು ಬೆರೆತು ಬರುವಂತೆ ನೋಡಿಕೊಳ್ಳಿ. ಆರು ತಿಂಗಳ ನಂತರ ಅದೇ ಪರೀಕ್ಷೆಯನ್ನು ಬೇರೆ ವಾಕ್ಯಪಟ್ಟಿಯಲ್ಲಿ ಮತ್ತೆ ಮಾಡಿಸೋಣ.

ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಹಾಗೆಯೇ ಮಾಡುತ್ತೇನೆ ಮೇಡಂ. ಪಕ್ಕದ ಮನೆಯಲ್ಲಿ ಕಲಬುರಗಿಯಿಂದ ವರ್ಗವಾಗಿ ಬಂದ ಶಿಕ್ಷಕ ದಂಪತಿ ಇದ್ದಾರೆ. ಕೇಳಿದ್ದಕ್ಕೆ ಸಂತೋಷದಿಂದ ಒಪ್ಪಿದ್ದಾರೆ, ನಾಳೆ ಸಂಜೆಯಿಂದ ಬರುತ್ತಾರಂತೆ.